ನಾಯಿ ಇದೆಯೆಂದು ಪ್ರವಾಸ ಬಿಡಬೇಕೆ?



ಖಾನಾಪುರದ ಓದುಗರೊಬ್ಬರ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೆಯೇ ಇದೆ. ಉಪ್ಪಿನಕಾಯಿಗೆ ಬೂಸು ಬಂದಿದೆ, ಹೋಳಿಗೆ ಹರಿಯುತ್ತದೆ ಎನ್ನುವ ಪ್ರಶ್ನೆಯಾಗಿದ್ದರೆ ಅಂದೇ ಉತ್ತರ ಬರೆದುಬಿಡುತ್ತಿದ್ದೆ. ಇದು ಅಂಥದ್ದಲ್ಲ. ಅವರ ಮಾತಿನಲ್ಲೇ ಕೇಳಿ:

"ನಾಲ್ಕು ವರ್ಷದಿಂದ ಮನೀ ಬಿಟ್ಟು ಒಂದು ರಾತ್ರಿ ಹೊರಗ ಇದ್ದಿಲ್ಲ. ಕಾರಣ ನಮ್ಮ ನಾಯಿ. ಬಿಟ್ಟು ಹೋದರ ಅನ್ನ ಮುಟ್ಟಂಗಿಲ್ಲ, ಕರಕೊಂಡು ಹೋದರ ಯಾರೂ ಒಳಗ ಬಿಡಂಗಿಲ್ಲ. ಯಾರಿಗರೆ ಕೊಟ್ಟುಬಿಡು ಅಂತ ಮನಿಯವರು ಅಂತಾರ. ಕೊಟ್ಟರ ನನ್ನ ಜೀವ ತಡಿಯಂಗಿಲ್ಲ. ಕೊಡದಿದ್ದರ ಈ ಜನ್ಮದಾಗ ನಾ ಸಮುದ್ರ ನೋಡಂಗಿಲ್ಲ. ಏನ ಮಾಡ್ಲಿ, ನೀವ ಹೇಳ್ರಿ."

ಈ ಪತ್ರ ಓದಿ ನಗುವವರು ನಗಲಿ. ನನಗೆ ನಗು ಬರಲಿಲ್ಲ. ಏಕೆಂದರೆ ಹನ್ನೊಂದು ವರ್ಷ ನಾನೂ ಇದೇ ಮಾತನ್ನು ಹೇಳಿಕೊಂಡೇ ಕಳೆದವಳು. ಆದ್ದರಿಂದ ಈ ಸಲ ಉಪದೇಶಕ್ಕಿಂತ ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ನಾನು ಮಾಡಿದ ತಪ್ಪೂ ಅದರಲ್ಲಿದೆ. ಅದನ್ನು ಮುಚ್ಚಿಟ್ಟರೆ ನಿಮಗೇನು ಪ್ರಯೋಜನ?

ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಗೆ ಮೋತಿ ಬಂದದ್ದು ಮಗಳ ಹಟದಿಂದ. ಅರ್ಧ ಮುಧೋಳ, ಇನ್ನರ್ಧ ದೇವರೇ ಬಲ್ಲ! ಮುಧೋಳದ ನಾಯಿಯೆಂದರೆ ನಿಮಗೆ ಗೊತ್ತಲ್ಲ, ಸೊಂಟ ಸಣ್ಣದು, ಕಾಲು ಉದ್ದ, ಕಣ್ಣು ಚುರುಕು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೇ ತಂದಿತ್ತು. ಮಗಳು ಮದುವೆಯಾಗಿ ದೂರ ಹೋದಳು, ಮೋತಿ ನಮಗೆ ಉಳಿದ. ಅಂದಿನಿಂದ ಮದುವೆಯಾಗಲಿ, ಮುಂಜಿಯಾಗಲಿ, ನಮ್ಮಿಬ್ಬರಲ್ಲಿ ಒಬ್ಬರು ಮಾತ್ರ ಹೋಗುವುದು, ಇನ್ನೊಬ್ಬರು ಮನೆ ಕಾಯುವುದು. ಕೂಡಿ ಹೋದದ್ದೇ ಇಲ್ಲ. "ಮುಂದಿನ ಸಲ ನೋಡೋಣಂತ" ಎಂದು ನಮ್ಮವರು ಅನ್ನುವುದು, "ಆಗಲಿ" ಎಂದು ನಾನು ಅನ್ನುವುದು.

2024ರ ಶ್ರಾವಣದಲ್ಲಿ ಮೋತಿ ಮೆಟ್ಟಿಲು ಹತ್ತುವುದನ್ನು ಬಿಟ್ಟ. ಪಶುವೈದ್ಯರು ಪರೀಕ್ಷೆ ಮಾಡಿ, "ಬಾಯಿ, ಕಿಡ್ನಿ ಸೋಲಾಕ ಹತ್ಯಾವ. ಈಗೇನು ತ್ರಾಸಿಲ್ಲ. ಆದರ ಭಾಳ ದಿನ ಅಂತ ಹೇಳಲಾರೆ" ಎಂದರು. ಪ್ರಯಾಣ ಮಾಡಬಹುದೇ ಎಂದು ಕೇಳಿದೆ. ನೀರು ಕಡಿಮೆಯಾಗದಂತೆ ನೋಡಿಕೊಂಡರೆ ಆದೀತು ಎಂದರು. ಆ ರಾತ್ರಿ ಊಟದ ಹೊತ್ತಿಗೆ ನಮ್ಮವರು ತಾವಾಗಿಯೇ, "ಇವನನ್ನ ಕರಕೊಂಡೇ ಹೋಗೂಣು" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಬಾಕಿ ಉಳಿದ ಊರು ಕಾರವಾರವೊಂದೇ.

ಮೊದಲು ನಾಲ್ಕು ಕಡೆ ಫೋನು ಮಾಡಿ ಕೋಣೆ ಕೇಳಿದೆವು. ನಾಯಿ ಎಂದ ಕೂಡಲೇ ಅತ್ತಲಿಂದ ಫೋನು ಕೆಳಗೆ! ಸ್ವರ್ಗದ ಬಾಗಿಲಲ್ಲಿ ಧರ್ಮರಾಯನಿಗೆ ಆದದ್ದೇ ಲಾಡ್ಜಿನ ಬಾಗಿಲಲ್ಲಿ ನಮಗೂ ಆಯಿತು ಎಂದು ನಮ್ಮವರು ನಕ್ಕರು. ಆಗ ನನ್ನ ಕಣ್ಣಿಗೆ ಬಿದ್ದದ್ದು ಅಂಗಳದಲ್ಲಿ ನಿಂತಿದ್ದ ನಮ್ಮ ಹಳೆಯ ಮಾರುತಿ ವ್ಯಾನು.

ಯುರೋಪಿನಲ್ಲಿ ಇಂಥ ಪ್ರವಾಸ ದೊಡ್ಡ ಸಂಗತಿಯೇನೂ ಅಲ್ಲ. ಫ್ರಾನ್ಸ್, ಪೋರ್ಚುಗಲ್‌ಗಳ ಅಟ್ಲಾಂಟಿಕ್ ದಂಡೆಗೆ ಜನ ಹಾಸಿಗೆ, ಒಲೆ ಇರುವ ವ್ಯಾನಿನಲ್ಲಿ ನಾಯಿಯನ್ನು ಕೂರಿಸಿಕೊಂಡು, ಬೇಸಿಗೆಯ ಸಂದಣಿ ಮುಗಿದ ಮೇಲೆ ಹೋಗುತ್ತಾರೆ. ಬೇಸಿಗೆಯಲ್ಲಿ ನಾಯಿಗೆ ಮನಾಯಿ ಇರುವ ಅನೇಕ ದಂಡೆಗಳು ಆಗ ಅದಕ್ಕೂ ತೆರೆದಿರುತ್ತವೆ. ಅಮೆರಿಕದ ಹೆಸರಾಂತ ಲೇಖಕ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿ ಎಂಬ ತನ್ನ ಮುದಿ ನಾಯಿಯೊಂದಿಗೆ ಇಂಥದೇ ಗಾಡಿಯಲ್ಲಿ ದೇಶವನ್ನೇ ಸುತ್ತಿ ಪುಸ್ತಕ ಬರೆದ. ನಮಗೆ ದೇಶ ಸುತ್ತುವುದಿರಲಿಲ್ಲ. ಘಟ್ಟ ಇಳಿದರೆ ಸಾಕಿತ್ತು.

ಹಿಂದಿನ ಸೀಟು ಮಡಚಿ ಮೇಲೊಂದು ಹಲಗೆ, ಅದರ ಮೇಲೆ ಹತ್ತಿಯ ಗಾದಿ. ಹಳೆಯ ಸೊಳ್ಳೆಪರದೆ ಕತ್ತರಿಸಿ ಕಿಟಕಿಗಳಿಗೆ ಕಟ್ಟಿದೆ. ಒಂದು ಕೊಡ ಕುಡಿಯುವ ನೀರು, ಒಂದು ಕ್ಯಾನು ತೊಳೆಯುವ ನೀರು, ಚಿಕ್ಕ ಸ್ಟೋವು. ಖರ್ಚೆಂದರೆ ಹಲಗೆಯದ್ದಷ್ಟೇ.

ಹೊರಟದ್ದು ಸೆಪ್ಟೆಂಬರ್ ಕೊನೆಯ ವಾರ, ಪಕ್ಷಮಾಸದಲ್ಲಿ. ಮಾವನವರ ಶ್ರಾದ್ಧ ಮುಗಿದ ಮರುದಿನ. ಎದುರುಮನೆಯವರು ಗೇಟಿಗೇ ಬಂದು, "ಏನ್ರೀ ವೈನಿ, ಪಕ್ಷದಾಗ ಪ್ರವಾಸಾ? ಅದೂ ನಾಯಿ ಕಟಗೊಂಡು?" ಎಂದರು. "ಹೌದ್ರಿ, ಪಕ್ಷದಾಗ ನಾಯಿಗೂ ಒಂದು ಪಾಲು ಇಡ್ತೀವಲ್ಲ, ಅದನ್ನ ಕೊಡಾಕ ಹೊಂಟೀವಿ" ಎಂದೆ. ತಮಾಷೆಗೆ ಹೇಳಿದ್ದೇನೋ ನಿಜ. ಆದರೆ ಪಕ್ಷಮಾಸವೇ ಏಕೆ ಎಂದರೆ ಕಾರಣವಿದೆ. ಮದುವೆಯಿಲ್ಲ, ಹಬ್ಬವಿಲ್ಲ, ಶಾಲೆಗೆ ರಜೆಯಿಲ್ಲ, ಮಳೆಯೂ ಇಳಿಮುಖ. ಸಮುದ್ರದಂಡೆಯ ಮೇಲೆ ಪ್ರವಾಸಿಗಳ ಸುಳಿವಿರುವುದಿಲ್ಲ. ಮುದಿ ನಾಯಿಗೂ, ಜನಸಂದಣಿಗೆ ಅಂಜುವ ನನ್ನಂಥವಳಿಗೂ ಇದಕ್ಕಿಂತ ಒಳ್ಳೆಯ ಸೀಸನ್ ಯಾವುದು?

ಮೊದಲ ನಿಲುಗಡೆ, ಪತ್ರ ಬರೆದ ಸೋದರಿಯ ಊರೇ, ಖಾನಾಪುರ. ಬೆಳಗಾವಿಯಿಂದ ಸುಮಾರು ಇಪ್ಪತ್ತೈದು ಕಿ.ಮೀ. ದೂರವನ್ನೇ ಮೋತಿಗೆ ಮೊದಲ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೆವು. ವಾಂತಿ ಮಾಡಿದರೆ ಅಲ್ಲಿಂದಲೇ ತಿರುಗುವುದು ಎಂದು ಮಾತಾಗಿತ್ತು. ಮಾಡಲಿಲ್ಲ. ಖಾನಾಪುರದ ಕುಂಬಾರಿಕೆ ಹೆಸರಾದದ್ದು ತಾನೆ? ಅಲ್ಲಿ ಅಗಲ ಬಾಯಿಯ, ತಳ ದಪ್ಪಗಿರುವ ಒಂದು ಮಣ್ಣಿನ ಬೋಗುಣಿ ಕೊಂಡೆ. ವ್ಯಾನು ಅಲುಗಿದರೂ ಮಗುಚುವುದಿಲ್ಲ, ನೀರು ತಣ್ಣಗಿರುತ್ತದೆ. ಸ್ಟೀಲಿನ ಬಟ್ಟಲಲ್ಲಿ ಮುಸುಡಿ ಇಡದ ಮೋತಿ ಅದರಲ್ಲಿ ಚಪ್ಪರಿಸಿಕೊಂಡು ಕುಡಿದ.

ಮಲಪ್ರಭೆಯ ಸೇತುವೆ ದಾಟುವಾಗ ನಮ್ಮವರು ಒಂದು ಮಾತು ಹೇಳಿದರು. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆಗೆ ಪಡುವಣ ಸಮುದ್ರ ಕೈಗೆಟುಕುವಷ್ಟು ಹತ್ತಿರ. ಆದರೂ ಅದು ಬೆನ್ನು ತಿರುಗಿಸಿ ಮೂಡಲಿಗೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಇಡೀ ನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. "ನಿನ್ನಂಗ ನೋಡು, ಸಮೀಪ ಇದ್ದರೂ ಹೋಗಲಿಲ್ಲ" ಎಂದರು. ಹದಿನಾಲ್ಕು ಸಾವಿರ ಊಟ ಬಡಿಸಿದವಳು ಏನೆನ್ನಬೇಕೋ ಅದನ್ನು ಅಂದೆ. ಇಲ್ಲಿ ಬರೆಯುವುದಿಲ್ಲ!

ಲೋಂಡಾ, ರಾಮನಗರ ದಾಟಿ ಗಣೇಶಗುಡಿಗೆ ಬಂದರೆ ಕಾಳಿ ನದಿಯ ಸೂಪಾ ಅಣೆಕಟ್ಟು. ಹಳೆಯ ಸೂಪಾ ಊರು ಆ ನೀರಿನ ಅಡಿಯಲ್ಲಿದೆ, ಹೆಸರಷ್ಟೇ ಅಣೆಕಟ್ಟಿಗೆ ಉಳಿದಿದೆ. ಜೋಯಿಡಾದಿಂದ ಅಣಶಿ, ಕದ್ರಾ ಮಾರ್ಗವಾಗಿ ಕಾರವಾರ. ಈ ದಾರಿಯ ಬಗ್ಗೆ ಎರಡು ಎಚ್ಚರಿಕೆ. ಒಂದು, ಮಳೆಗಾಲದಲ್ಲಿ ಗುಡ್ಡ ಕುಸಿಯುವುದುಂಟು. ಅದೇ 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಜೀವಗಳು ಹೋದದ್ದನ್ನು ನಾವ್ಯಾರೂ ಮರೆತಿಲ್ಲ. ಹೊರಡುವ ದಿನವೇ ದಾರಿ ತೆರೆದಿದೆಯೇ ಎಂದು ಕೇಳಿಕೊಂಡು, ಹಗಲಿನಲ್ಲಿಯೇ ಘಟ್ಟ ಇಳಿಯಿರಿ. ಎರಡು, ಅಣಶಿಯ ಸುತ್ತಲಿನದು ಕಾಳಿ ಹುಲಿ ಸಂರಕ್ಷಿತ ಅರಣ್ಯ. ಅಲ್ಲಿ ನಾಯಿಯನ್ನು ಗಾಡಿಯಿಂದ ಇಳಿಸಲೇಬೇಡಿ. ಚಿರತೆಗೆ ನಾಯಿಯೆಂದರೆ ಸುಲಭದ ತುತ್ತು. ಅಷ್ಟೇ ಅಲ್ಲ, ನಮ್ಮ ನಾಯಿಗಳ ರೋಗ ಕಾಡಿನ ಪ್ರಾಣಿಗಳಿಗೆ ತಗಲಿದರೆ ಅವಕ್ಕೆ ಲಸಿಕೆ ಹಾಕುವವರು ಯಾರು? ಮೋತಿಯ ಕೆಲಸವನ್ನೆಲ್ಲ ಜೋಯಿಡಾ ಪೇಟೆಯಲ್ಲೇ ಮುಗಿಸಿಕೊಂಡೆವು.

ಕಾರವಾರದಲ್ಲಿ ಕಾಳಿ ದಾಟಿ ಮಾಜಾಳಿಗೆ ಹೋಗಬೇಕು. ಆಗಸ್ಟ್ 7ರ ರಾತ್ರಿ ಕುಸಿದ ಹಳೆಯ ಸೇತುವೆ ಪಕ್ಕದಲ್ಲೇ ಮುರಿದು ಬಿದ್ದಿತ್ತು. ಹೊಸ ಸೇತುವೆಯ ಮೇಲೆ ಎರಡೂ ಕಡೆಯ ಗಾಡಿಗಳು ನಿಧಾನವಾಗಿ ಸಾಗುತ್ತಿದ್ದವು. ವ್ಯಾನಿನೊಳಗೆ ಯಾರೂ ಮಾತಾಡಲಿಲ್ಲ. ಮಾಜಾಳಿ ಗೋವೆಯ ಗಡಿಗೆ ಅಂಟಿದ ಊರು. ಮನೆಯೊಂದರ ಅಂಗಳದಲ್ಲಿ ವ್ಯಾನು ನಿಲ್ಲಿಸಲು ಅನುಮತಿ ಸಿಕ್ಕಿತು. "ನಾಯಿ ನಿಮ್ಮ ಗಾಡಿಯೊಳಗೇ ಮಲಗ್ತದಲ್ಲ? ಹಂಗಾದ್ರೆ ನಮ್ದೇನು ತಕರಾರಿಲ್ಲ" ಎಂದರು ಆ ಮನೆಯಾಕೆ. ನಾಲ್ಕು ಲಾಡ್ಜುಗಳಿಗೆ ಹೊಳೆಯದ ಮಾತು!

ಸೋದರಿಯರೇ, ಈಗ ನನ್ನ ತಪ್ಪಿಗೆ ಬರುತ್ತೇನೆ.

ಮರುದಿನ ಬೆಳಿಗ್ಗೆ ದಂಡೆಗೆ ಹೋದೆವು. ಕಣ್ಣು ಹಾಯುವವರೆಗೆ ಮರಳು, ಒಬ್ಬ ಪ್ರವಾಸಿಯೂ ಇಲ್ಲ. ಮೋತಿ ಮೊದಲು ನೀರು ನೋಡಿ ಬೊಗಳಿದ, ಆಮೇಲೆ ನೆಕ್ಕಿ ಮುಖ ಕಿವುಚಿದ, ಆಮೇಲೆ ಸುಮ್ಮನೆ ಕುಳಿತು ನೋಡತೊಡಗಿದ. ಬಹಳ ಹೊತ್ತು ನೋಡಿದ. ನನ್ನ ಮನಸ್ಸು ಕರಗಿತು. "ಮೆಟ್ಟಿಲು ಹತ್ತಲಾರದ ಪ್ರಾಣಿ, ಎಲ್ಲಿಗೆ ಓಡೀತು?" ಎಂದುಕೊಂಡು ಹಗ್ಗ ಬಿಚ್ಚಿಬಿಟ್ಟೆ.

ಮುಧೋಳದ ರಕ್ತ ಮೂಸಿ ಬೇಟೆಯಾಡುವುದಲ್ಲ, ಕಣ್ಣಿಂದ ಕಂಡು ಬೇಟೆಯಾಡುವುದು. ಓಡುವ ವಸ್ತು ಕಂಡರೆ ವಯಸ್ಸು ಮರೆತುಹೋಗುತ್ತದೆ. ಒಂದು ಏಡಿ ನೀರಿನತ್ತ ಓಡಿತು, ಮೋತಿ ಅದರ ಹಿಂದೆ. ತೆರೆ ಬಂತು, ಹಿಂತಿರುಗುವಾಗ ಅವನನ್ನು ಎಳೆದುಕೊಂಡು ಹೋಯಿತು. ನಮ್ಮವರು ಚಪ್ಪಲಿ ಬಿಟ್ಟು ಓಡಿದರು. ಅರವತ್ತೆರಡು ವರ್ಷ, ಈಜಿದ್ದೆಂದರೆ ಬಾಲ್ಯದಲ್ಲಿ ಬಾವಿಯಲ್ಲಿ ಮಾತ್ರ! ನಾನು ಕೂಗಬೇಕೆಂದರೆ ದನಿಯೇ ಹೊರಡಲಿಲ್ಲ.

ಅವರನ್ನು ತಡೆದದ್ದು ಒಬ್ಬ ಮೀನುಗಾರ ಹೆಂಗಸು. ರಂಪಣಿ ಬಲೆ ಎಳೆಯುವವರ ಜೊತೆ ಬಂದು ಬುಟ್ಟಿ ಇಟ್ಟುಕೊಂಡು ಕುಳಿತಿದ್ದವಳು ಧಡಕ್ಕನೆ ಎದ್ದು ಅವರ ಶರ್ಟು ಹಿಡಿದು ಜಗ್ಗಿದಳು. "ಹೋಗ್ಬೇಡಿ! ನಾಯಿ ತಾನೇ ಬರ್ತದೆ. ನೀವು ಬರೂದಿಲ್ಲ!" ಎಂದು ಗದರಿದಳು.

ಹಾಗೆಯೇ ಆಯಿತು. ಇನ್ನೊಂದು ತೆರೆಯ ಮೇಲೆ ತೇಲಿಕೊಂಡು, ಐವತ್ತು ಮಾರು ದೂರದಲ್ಲಿ ಮೋತಿ ದಂಡೆ ಹತ್ತಿದ. ಮೈ ಕೊಡವಿದ. ನಮ್ಮವರು ಅಲ್ಲಿಯೇ ಮರಳಿನ ಮೇಲೆ ಕುಕ್ಕರಿಸಿ ಅವನನ್ನು ತಬ್ಬಿಕೊಂಡರು. ಮಗಳನ್ನು ಕಳಿಸಿಕೊಡುವ ದಿನವೂ ನಾನು ಅವರ ಕಣ್ಣಲ್ಲಿ ನೀರು ಕಂಡಿರಲಿಲ್ಲ.

ಆ ಹೆಂಗಸು ನನ್ನ ಕಡೆ ತಿರುಗಿ ಇನ್ನೂ ಒಂದು ಮಾತು ಹೇಳಿದಳು. ಸ್ವಲ್ಪ ದೂರದಲ್ಲಿ ಚಾಪೆಯ ಮೇಲೆ ಮೀನು ಒಣಗುತ್ತಿತ್ತು. "ಹಗ್ಗ ಹಾಕಿ ಅಮ್ಮಾ. ಯಾರೂ ಇಲ್ಲ ಅಂತ ಬಿಟ್ರಿ ಅಲ್ಲ? ನಾವು ಇದ್ದೇವಲ್ಲ? ನಿಮ್ಮ ಅಡಿಗೆಮನೆಗೆ ನಮ್ಮ ನಾಯಿ ಬಿಡ್ತೇನಾ?" ನಾನು ತಲೆ ತಗ್ಗಿಸಿದೆ. ಸೀಸನ್ ಇಲ್ಲವೆಂದರೆ ಪ್ರವಾಸಿಗಳಿಲ್ಲ ಎಂದಷ್ಟೇ ಅರ್ಥ. ಊರಿನವರು ವರ್ಷವಿಡೀ ಅಲ್ಲಿಯೇ ಇರುತ್ತಾರೆ. ಜೂನ್, ಜುಲೈ ಎರಡು ತಿಂಗಳು ಯಂತ್ರದೋಣಿಗಳಿಗೆ ಸರಕಾರದ ನಿಷೇಧ. ಅದು ಮುಗಿದು ಅವರ ಕೈಗೆ ಕಾಸು ಬರುವ ಕಾಲವೇ ನಮ್ಮ 'ಖಾಲಿ' ಕಾಲ. ಸಂಜೆ ಕುಂದಾದ ಡಬ್ಬಿ ಹಿಡಿದು ಆಕೆಯಲ್ಲಿಗೆ ಹೋದೆ. "ಬೆಳಗಾವಿದಾ?" ಎಂದು ನಕ್ಕು ತೆಗೆದುಕೊಂಡಳು.

ಉಳಿದ ಎರಡು ದಿನ ಮೋತಿ ಹಗ್ಗದಲ್ಲಿಯೇ ಇದ್ದ. ಹಗ್ಗ ಉದ್ದದ್ದು, ನಾವು ಮೂವರೂ ಅವನ ನಡಿಗೆಯ ವೇಗದಲ್ಲಿ ನಡೆದೆವು. ಕಾರವಾರದ ರವೀಂದ್ರನಾಥ ಟಾಗೋರ್ ದಂಡೆಗೂ ಹೋಗಿ ಬಂದೆವು. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದಿದ್ದು, ಒಂದು ನಾಟಕ ಬರೆದದ್ದು ಈ ಊರಿನಲ್ಲೇ. ನಾವು ಬರೆದದ್ದು ಮಗಳಿಗೆ ಒಂದು ಕಾಗದ ಮಾತ್ರ.

ಈಗ ನಿಮಗೆ ಉಪಯೋಗಕ್ಕೆ ಬರುವ ಮಾತುಗಳು. ಕತ್ತರಿಸಿ ಇಟ್ಟುಕೊಳ್ಳಿ.

ಹೊರಡುವ ಮುನ್ನ: ಹುಚ್ಚುನಾಯಿ ರೋಗದ ಲಸಿಕೆ ವರ್ಷ ದಾಟಿರಬಾರದು. ಮಳೆಗಾಲವಾದ್ದರಿಂದ ಇಲಿಜ್ವರದ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಲಸಿಕೆಯ ಕಾರ್ಡು ಪರ್ಸಿನಲ್ಲಿರಲಿ. ಹೊರಡುವ ಮೂರು ನಾಲ್ಕು ತಾಸು ಮೊದಲೇ ಊಟ ಮುಗಿಸಿ, ನೀರು ಮಾತ್ರ ಕೊಡುತ್ತ ಹೋಗಿ. ಮೊದಲು ಹತ್ತಿರದ ಊರಿಗೆ ಹೋಗಿಬಂದು ಅಭ್ಯಾಸ ಮಾಡಿಸಿ.

ವ್ಯಾನಿನಲ್ಲಿ: ಬಿಸಿಲಲ್ಲಿ ಮುಚ್ಚಿದ ಗಾಡಿಯೊಳಗೆ ನಾಯಿಯನ್ನು ಹತ್ತು ನಿಮಿಷವೂ ಬಿಡಬೇಡಿ. ಒಳಗೆ ಸ್ಟೋವು ಹಚ್ಚುವುದು, ಎಂಜಿನ್ ಓಡಿಸುತ್ತ ಮಲಗುವುದು, ಎರಡೂ ಪ್ರಾಣಕ್ಕೆ ಎರವು. ರಾತ್ರಿ ಕಿಟಕಿಗಳಲ್ಲಿ ಗಾಳಿ ಆಡಲಿ. ಮರಳಿನ ಮೇಲೆ ಗಾಡಿ ಇಳಿಸಬೇಡಿ, ಚಕ್ರ ಹೂತರೆ ಭರತ ನಿಮಗಾಗಿ ಕಾಯುವುದಿಲ್ಲ. ಮನೆಯವರ ಅನುಮತಿ ಪಡೆದು ಅಂಗಳದಲ್ಲಿ ನಿಲ್ಲಿಸುವುದೇ ಕ್ಷೇಮ.

ದಂಡೆಯ ಮೇಲೆ: ಹಗ್ಗ ಬಿಚ್ಚಬೇಡಿ. ಸೆಪ್ಟೆಂಬರಿನಲ್ಲಿಯೂ ಕಡಲು ಶಾಂತವಾಗಿರುವುದಿಲ್ಲ. ಎರಡು ಕಡೆ ತೆರೆ ಒಡೆಯುತ್ತ ನಡುವೆ ನೀರು ಕಪ್ಪಗೆ ನಿಶ್ಚಲವಾಗಿ ಕಂಡರೆ ಅದೇ ಒಳಸೆಳೆತದ ಜಾಗ. ಸಿಕ್ಕಿಬಿದ್ದವರು ದಡದತ್ತ ನೇರ ಈಜದೆ, ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ನಾಯಿಗಾಗಿ ನೀರಿಗೆ ಹಾರಬೇಡಿ. ಚಳಿಗಾಲದಲ್ಲಿ ಹೋಗುವುದಾದರೆ ಇನ್ನೊಂದು ಮಾತು. ಆಗ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ನಾಯಿಯ ಮೂಗಿಗೆ ಅದು ಸಿಕ್ಕರೆ ಒಂದು ನಿಮಿಷದಲ್ಲಿ ಗೂಡು ನಾಶ. ನಾಯಿಯ ಹೊಲಸನ್ನು ಕಾಗದದಲ್ಲಿ ಎತ್ತಿ ತನ್ನಿ. ಕಡಲ ನೀರು ಕುಡಿದರೆ ವಾಂತಿ, ಭೇದಿ ಆಗುತ್ತದೆ, ಆದ್ದರಿಂದ ಸಿಹಿನೀರು ಜೊತೆಗಿರಲಿ. ತಿರುಗಿ ಬಂದ ಮೇಲೆ ಮೈ ತೊಳೆದು, ಕಾಲ್ಬೆರಳ ಸಂದು, ಕಿವಿ ಒರೆಸಿ. ಬೀದಿನಾಯಿ ಯಾರನ್ನಾದರೂ ಕಚ್ಚಿದರೆ ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.

ಬುತ್ತಿ: ನಮಗೆ ಎರಡು ದಿನ ತಡೆಯುವುದು ಮೆಂತ್ಯದ ಧಪಾಟಿ. ಎರಡು ಬಟ್ಟಲು ಜೋಳದ ಹಿಟ್ಟಿಗೆ ಅರ್ಧರ್ಧ ಬಟ್ಟಲು ಗೋಧಿ ಹಿಟ್ಟು, ಕಡಲೆ ಹಿಟ್ಟು, ಒಂದು ಹಿಡಿ ಹೆಚ್ಚಿದ ಮೆಂತ್ಯ ಸೊಪ್ಪು, ಎಳ್ಳು, ಓಮ, ಖಾರಪುಡಿ, ಅರಿಸಿನ, ಉಪ್ಪು. ನೀರು ಹಾಕದೆ ಮೊಸರಿನಲ್ಲಿಯೇ ನಾದಿ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ಹಂಚಿಗೆ ಹಾಕಿ, ನಡುವೆ ತೂತು ಮಾಡಿ ಎಣ್ಣೆ ಬಿಟ್ಟು ಎರಡೂ ಬದಿ ಬೇಯಿಸಿ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ. ಶೇಂಗಾ ಚಟ್ನಿ ಜೊತೆಗಿದ್ದರೆ ಬೇರೇನೂ ಬೇಡ. ಆದರೆ ಇದರಲ್ಲಿ ನಾಯಿಗೆ ಪಾಲಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಮನೂಕ, ಚಾಕೊಲೇಟು ಅದಕ್ಕೆ ವಿಷ. ಕುಂದಾ ವಿಷವಲ್ಲ, ಆದರೂ ಬೇಡ. ಆರೋಗ್ಯವಾಗಿರುವ ನಾಯಿಗೆ ಉಪ್ಪಿಲ್ಲದ ಮೆತ್ತನ್ನ ಅನ್ನ, ಬೇಯಿಸಿದ ಗಜ್ಜರಿ, ಒಂದು ಚಮಚ ಮೊಸರು ಸಾಕು. ಕಾಯಿಲೆಯ ನಾಯಿಗೆ ವೈದ್ಯರು ಹೇಳಿದ್ದೇ ಊಟ.

ಖಾನಾಪುರದ ಸೋದರಿಗೆ ಕೊನೆಯ ಮಾತು. ಮೋತಿ ಆ ವರ್ಷದ ಸಂಕ್ರಾಂತಿ ಕಾಣಲಿಲ್ಲ. ಹಿತ್ತಿಲಿನ ಪೇರಲ ಗಿಡದ ಬುಡದಲ್ಲಿದ್ದಾನೆ. ಅವನಿಗೆ ಸಮುದ್ರ ತೋರಿಸಿದೆನೆಂಬ ಸಮಾಧಾನ ನನಗಿದೆ. ಆದರೆ ಹನ್ನೊಂದು ವರ್ಷ ಅವನ ಹೆಸರು ಹೇಳಿ ಮನೆಯಲ್ಲೇ ಕುಳಿತದ್ದು ತಪ್ಪು ಎಂಬುದೂ ಗೊತ್ತಾಗಿದೆ. ನಮ್ಮನ್ನು ತಡೆದದ್ದು ನಾಯಿಯಲ್ಲ. ಕೇಳಿದರೆ ಯಾರು ಏನಂದಾರೋ ಎಂಬ ಅಂಜಿಕೆ, ಎಲ್ಲರೂ ಹೋಗುವಾಗಲೇ ಹೋಗಬೇಕು ಎಂಬ ರೂಢಿ.

ಅದಕ್ಕೇ ಹೇಳುತ್ತೇನೆ, ನಾಯಿಯನ್ನು ಕೊಡಬೇಡಿ. ಮನೆಯವರಿಗೆ ಈ ಪುಟ ಓದಲು ಕೊಡಿ. ವ್ಯಾನು ಇಲ್ಲದಿದ್ದರೆ ಪರಿಚಯದ ಬಾಡಿಗೆ ಗಾಡಿಯವರನ್ನು ಕೇಳಿ, ನಾಯಿಯಿದೆ ಎಂದು ಮೊದಲೇ ಹೇಳಿ. ನಾಲ್ವರು ಇಲ್ಲವೆಂದರೆ ಐದನೆಯವರು ಹೂಂ ಅಂದಾರು. ಬರುವ ಪಕ್ಷಮಾಸದಲ್ಲಿ, ಜನ ಬೇಡವೆನ್ನುವ ಕಾಲದಲ್ಲಿಯೇ ಹೊರಡಿ. ನಿಮ್ಮೂರಿನ ಮಣ್ಣಿನ ಬೋಗುಣಿ ಮರೆಯಬೇಡಿ. ಹಗ್ಗ ಗಟ್ಟಿಯಾಗಿ ಹಿಡಿಯಿರಿ.

ಹೋಗಿ ಬಂದು ನನಗೆ ಬರೆಯುವಿರಿ ತಾನೆ?